ನಮ್ಮ ಮುನಿ ಹೇಳಿದ ಮಾತ್ರೆ

ಚಾಂಪಿಯನ್ ರೀಫ್ಸ್, ಕೆಜಿಎಫ್
10 ನವೆಂಬರ್ 2025, ಸೋಮವಾರ

ತಮ್ಮ ಮುನಿರಾಜುಗೆ ನಿನ್ನ ಅಕ್ಕ ರಾಧ ಬರೆಯುವುದು.

ಮೈ ಹುಷಾರಾಗಿದೆಯಾ? ಮದ್ರಾಸಿನಲ್ಲಿ ಮಳೆ ಅಂತ ಕೇಳಿದೆ. ಗಂಟಲು ಜೋಪಾನ, ನಿನ್ನ ಅನ್ನವೇ ಅದರಲ್ಲಿದೆ. ಫೋನ್ ಮಾಡಿದರೆ ರೆಕಾರ್ಡಿಂಗ್‌ನಲ್ಲಿದ್ದೇನೆ ಎಂದು ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ.

ಪಕ್ಕದ ಮನೆಯ ಅಮ್ಮಾಜಮ್ಮನ ಮುಖ, ಕಾಲು ಊದಿಕೊಂಡು, ಉಚ್ಚೆ ಕಟ್ಟಿಹೋಯಿತು. ಅಮ್ಮ ಕೆಲಸಕ್ಕೆ ಹೋದಾಗಲೆಲ್ಲ ನಿನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಬಂಗಾರಪೇಟೆವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಪರೀಕ್ಷೆ ಮಾಡಿಸಿ, ಎರಡೂ ಕಿಡ್ನಿ ಕೆಟ್ಟಿವೆ, ಮಂಡಿನೋವಿಗೆ ಇಷ್ಟು ಜೋರಾದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಸಿದ್ದು ಯಾರು ಎಂದು ರೇಗಿದರು. ಅಮ್ಮಾಜಮ್ಮ ಹೆಮ್ಮೆಯಿಂದ ಹೇಳಿದಳು: "ನಮ್ ಮುನಿರಾಜು ಏಳವ್ನೆ ಸಾಮಿ." ಅವನು ಯಾವ ಆಸ್ಪತ್ರೆಯ ಡಾಕ್ಟರು ಎಂದು ಅವರು ಕೇಳಿದರು. ಅವಳು ಸೊಂಟದ ಚೀಲದಿಂದ ಫೋನು ತೆಗೆದು, ಆ ಮಾತ್ರೆಯ ಜಾಹೀರಾತು ಹಾಕಿ ಕೇಳಿಸಿದಳು.

ವಾರ್ಡಿನ ತುಂಬ ನಿನ್ನ ದನಿ ಕಣೋ. "ಅಮ್ಮಂದಿರೇ, ಅಕ್ಕಂದಿರೇ, ನಾನು ನಿಮ್ಮವನು ಹೇಳ್ತಾ ಇದೀನಿ." ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ, ತೆಲುಗಿನಲ್ಲಿ. ಗಣಿ ಮುಚ್ಚಿದ ಮೇಲೆ ಮನೆಗಳ ಹಕ್ಕುಪತ್ರದ ಹೋರಾಟದಲ್ಲಿ ಆಟೋಗೆ ಮೈಕು ಕಟ್ಟಿಕೊಂಡು ಮೂರು ಭಾಷೆಯಲ್ಲೂ ಕೂಗುತ್ತಿದ್ದೆಯಲ್ಲ, ಅದೇ ಮಾತು, ಅದೇ ಧಾಟಿ. ನೀನು ಮನೆ ಖಾಲಿ ಮಾಡಬೇಡಿ ಎಂದೆ, ಜನ ಮಾಡಲಿಲ್ಲ. ಸಹಿ ಹಾಕಬೇಡಿ ಎಂದೆ, ಹಾಕಲಿಲ್ಲ. ಮನೆಗಳು ಉಳಿದವು. ಈ ಗಣಿಲೈನು ಮನೆಗಳ ಹೆಂಗಸರು ನಿನ್ನ ದನಿ ಕೇಳಿದರೆ ಒಲೆ ಆರಿಸಿ ಬೀದಿಗೆ ಬರುತ್ತಿದ್ದರು, ಯಾಕೆ ಏನು ಎಂದು ಕೇಳುತ್ತಿರಲಿಲ್ಲ. ಈಗಲೂ ಕೇಳಲಿಲ್ಲ. ಆಂಡರ್ಸನ್‌ಪೇಟೆಯ ಮೆಡಿಕಲ್ ಶಾಪಿಗೆ ಹೋಗಿ ಮುನಿ ಹೇಳಿದ ಮಾತ್ರೆ ಕೊಡಿ ಎಂದರು. ಅಂಗಡಿಯವನೂ ಡಾಕ್ಟರ ಚೀಟಿ ಕೇಳದೆ ಕೊಟ್ಟ.

ಮಾತ್ರೆ ಕಂಪನಿಯವರಿಗೆ ನಿನ್ನ ಸ್ವರ ಬೇಕಾಗಿರಲಿಲ್ಲ, ದಡ್ಡ. ಸ್ವರ ಇರುವವರು ಮದ್ರಾಸಿನ ತುಂಬ ಇದ್ದಾರೆ. ನಮ್ಮ ಜನ ನಿನ್ನ ಮೇಲಿಟ್ಟ ನಂಬಿಕೆ ಬೇಕಾಗಿತ್ತು. ಅದನ್ನು ನೀನೊಬ್ಬನೇ ಗಳಿಸಿದ್ದಲ್ಲ, ಲಾಠಿಯೇಟು ತಿಂದವರೆಲ್ಲ ಸೇರಿ ಗಳಿಸಿದ್ದು. ಅದನ್ನು ಮಾರಲು ನಿನಗೆ ಅಧಿಕಾರ ಕೊಟ್ಟವರು ಯಾರು?

ಡಾಕ್ಟರು ಚೀಟಿ ಬರೆಯದೆ ಕೊಡಬಾರದ ಮಾತ್ರೆಯನ್ನು ಸೋಪಿನ ಹಾಗೆ ಬೀದಿಯಲ್ಲಿ ಸಾರುವುದು ಯಾವ ನ್ಯಾಯ? ಸೋಪು ಹಿಡಿಸದಿದ್ದರೆ ಎಸೆಯಬಹುದು, ಕಿಡ್ನಿಯನ್ನು ಎಲ್ಲಿಂದ ತರೋಣ? ಕೊನೆಯಲ್ಲಿ ಒಂದೇ ಉಸಿರಿಗೆ, ಯಾರಿಗೂ ಕೇಳಿಸದ ಹಾಗೆ, 'ವೈದ್ಯರ ಸಲಹೆ ಪಡೆಯಿರಿ' ಎಂದು ನುಂಗಿಬಿಟ್ಟಿದ್ದೀಯ. ಯಾವ ವೈದ್ಯರು? ಗಣಿಯ ಆಸ್ಪತ್ರೆಗೆ ಬೀಗ ಬಿದ್ದಾಗ ಬಾಗಿಲಲ್ಲಿ ನನ್ನ ಪಕ್ಕ ಕೂತು ಕೂಗಿದವನು ನೀನೇ ಅಲ್ಲವೇ? ಡಾಕ್ಟರಿಲ್ಲದ ಜನಕ್ಕೆ ಜಾಹೀರಾತನ್ನೇ ಡಾಕ್ಟರು ಮಾಡಿ ಕಳಿಸಿದ್ದೀರಿ.

ಬರೆದುಕೊಟ್ಟಿದ್ದನ್ನು ಓದಿದೆ ಎನ್ನುತ್ತೀಯ, ಗೊತ್ತು. 'ನಾನು ನಿಮ್ಮವನು' ಎನ್ನುವುದನ್ನೂ ಅವರೇ ಬರೆದುಕೊಟ್ಟರಾ?

ಅಮ್ಮಾಜಮ್ಮ ಡಯಾಲಿಸಿಸ್‌ಗೆ ಹೋಗಿ ಬರುತ್ತಿದ್ದಾಳೆ. ನಿನ್ನ ಮೇಲೆ ಅವಳಿಗೆ ಇನ್ನೂ ಸಿಟ್ಟಿಲ್ಲ. ಮಾತ್ರೆಯನ್ನು ತಾನೇ ಹೊತ್ತು ತಪ್ಪಿ ತಿಂದಿರಬೇಕು, ಹುಡುಗನನ್ನು ಬೈಯಬೇಡ ಎಂದು ನನಗೇ ಬುದ್ಧಿ ಹೇಳುತ್ತಾಳೆ. ನನಗೆ ಆ ದೊಡ್ಡತನವಿಲ್ಲ. ಆದರೂ ನೀನು ಚೆನ್ನಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ರಾಧ

ಮರೆತಿಲ್ಲ, ಬರೆಯಲು ಕೈ ಬಂದಿರಲಿಲ್ಲ: ಅಮ್ಮನೂ ಅದೇ ಮಾತ್ರೆ ನುಂಗುತ್ತಿದ್ದಾಳೆ. ಇವತ್ತು ಬೆಳಿಗ್ಗೆ ಅವಳ ಊದಿದ ಪಾದ ಒತ್ತಿದೆ, ಬೆರಳಿಟ್ಟಲ್ಲಿ ಗುಳಿ ಬಿತ್ತು. ಮಾತ್ರೆ ಕಿತ್ತು ಎಸೆದರೆ ಮಧ್ಯಾಹ್ನದೊಳಗೆ ಮತ್ತೆ ತರಿಸಿದಳು. ಡಾಕ್ಟರ ಮಾತು ಹೇಳಿದೆ, ಅಮ್ಮಾಜಮ್ಮನನ್ನು ತೋರಿಸಿದೆ. "ತಮ್ಮ ಮುಂದಕ್ಕೆ ಬಂದ್ರೆ ನಿಂಗೆ ಒಟ್ಟೆಕಿಚ್ಚು ಕಣೇ. ಅವನೇ ಬಂದು ಬ್ಯಾಡ ಅನ್ಲಿ, ಬಿಡ್ತೀನಿ" ಅಂದಳು. ನೀನು ಫೋನಿನಲ್ಲಿ ಹೇಳಿದರೆ ನಾನು ಹೇಳಿಸಿದ್ದು ಅಂತಾಳೆ. ಕಾಗದ ಕೈಸೇರಿದ ದಿನವೇ ರೈಲು ಹತ್ತು. ಮೊದಲು ಅಮ್ಮನ ಮುಂದೆ ಹೇಳು, ಆಮೇಲೆ ಮೈಕು ಕಟ್ಟಿಸುತ್ತೇನೆ, ಮೂರು ಭಾಷೆಯಲ್ಲೂ ಹೇಳು.