ಮಧ್ಯಾಹ್ನ ಬಾಡುವ ಗಿಡಗಳು

ಮಾರ್ಚ್ ೧೮, ಮಂಗಳವಾರ

ಬೀದಿ ತುದಿಯ ಪಾರ್ಕಿನ ದಾಸವಾಳಗಳನ್ನೆಲ್ಲ ಇಂದು ಕಿತ್ತರು. ಹೊಸ ಮಾಲಿ ಒಂದು ಕಪ್ಪಾದ ಬೇರನ್ನು ನನ್ನ ಮೂಗಿನ ಹತ್ತಿರವೇ ಹಿಡಿದ. ಕೊಳೆತ ನಾತ. "ಯಾರೋ ಪುಣ್ಯಾತ್ಮರು ನೀರು ಕುಡಿಸಿ ಕುಡಿಸಿ ಕೊಂದಿದ್ದಾರೆ ಸಾರ್. ಬೇರಿಗೂ ಉಸಿರು ಬೇಡ್ವಾ?"

ಆ ಪುಣ್ಯಾತ್ಮ ನಾನೇ. ಹೌದಪ್ಪಾ ಎಂದು ತಲೆಯಾಡಿಸಿ ಮನೆಗೆ ಬಂದೆ.

ತಿಂಗಳಿಡೀ ಮಧ್ಯಾಹ್ನ ಎಲೆಗಳು ಜೋತುಬಿದ್ದದ್ದನ್ನು ಕಂಡು ಬಕೆಟ್‌ಗಟ್ಟಲೆ ಸುರಿದೆ. ಸಂಜೆ ಅವು ಎದ್ದು ನಿಂತರೆ ನನ್ನ ನೀರಿನ ಗುಣವೆಂದು ಬೀಗಿದೆ. ಹಳೆಯ ಮಾಲಿ ಆಗಲೇ ಅಂದಿದ್ದ: "ಬಿಸಿಲಿಗೆ ತಾವಾಗೇ ಬಾಡ್ತವೆ, ತಂಪಾದ್ರೆ ತಾವಾಗೇ ಏಳ್ತವೆ. ಸುಮ್ನಿರಿ ಯಜಮಾನ್ರೇ." ಇಷ್ಟೆಲ್ಲ ಓದಿದ ನನಗೇ ಪಾಠ ಹೇಳುತ್ತಾನೆಂದು ಕೆರಳಿ, ಅವನು ಸೋಮಾರಿಯೆಂದು ಹೆಸರು ಸಮೇತ ಪತ್ರಿಕೆಗೆ ಬರೆದೆ. ಪಾಲಿಕೆಯವರು ಅವನನ್ನು ಚರಂಡಿ ಕೆಲಸಕ್ಕೆ ಹಾಕಿದರು.

ಈಗಷ್ಟೇ ಕಮಿಷನರಿಗೆ ಪತ್ರ ಬರೆದೆ: ಗಿಡಗಳು ಸತ್ತದ್ದು ಅತಿಯಾದ ನೀರಿನಿಂದ, ಮಾಲಿಯ ತಪ್ಪಿಲ್ಲ, ಅವನನ್ನು ಪಾರ್ಕಿಗೆ ಮರಳಿಸಿ. ಹೆಂಡತಿ ಓದಿದಳು. "ಚೆನ್ನಾಗಿದೆ. ನೀರು ಹಾಕಿದ್ದು ಯಾರು ಅಂತಲೇ ಇಲ್ವಲ್ಲ ರೀ?"

ಪತ್ರಿಕೆಗಳಿಗೆ ದೂರು ಬರೆಯುತ್ತ ಬಂದ ನಲವತ್ತು ವರ್ಷಗಳಲ್ಲಿ ತಪ್ಪು ಮಾಡಿದವರ ಹೆಸರನ್ನು ನಾನು ಒಂದು ಪತ್ರದಲ್ಲೂ ಬಿಟ್ಟವನಲ್ಲ. ಇದರಲ್ಲಿ ನನ್ನ ಹೆಸರಿರುವುದು ಕೊನೆಯ ಸಹಿಯಲ್ಲಿ ಮಾತ್ರ, ಯಾರಿಗೋ ಉಪಕಾರ ಮಾಡಿದವನ ಹಾಗೆ.