ಬೆನ್ನಿನ ಶಾಟ್‌ಗಳು

ಜನವರಿ 6, ಸೋಮವಾರ. ಬೆಳಗ್ಗೆ

ಆರೈಕೆಗೆ ಬರುವ ಹನುಮಕ್ಕ ಬಂದಳು. ಜಲಜಾಳ ಮುಖ ತೊಳೆಸಿ, ತಲೆ ಬಾಚಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಇಡ್ಲಿ ತರಲಾ, ಉಪ್ಪಿಟ್ಟು ಮಾಡಿಸಲಾ ಎಂದು ಜಲಜಾಳನ್ನು ಕೇಳಿದೆ. 'ಆಮೇಲೆ' ಎಂದಳು. ಇಡ್ಲಿಗೂ ಆಮೇಲೆ, ಉಪ್ಪಿಟ್ಟಿಗೂ ಆಮೇಲೆ. ಆಗಸ್ಟ್‌ನಲ್ಲಿ ಸ್ಟ್ರೋಕ್ ಆದ ಮೇಲೆ ನನ್ನ ಹೆಂಡತಿಯ ಬಾಯಲ್ಲಿ ಉಳಿದಿರುವುದು ಅದೊಂದೇ ಪದ. ನೋವಿಗೂ ಅದೇ, ನೀರಿಗೂ ಅದೇ. ಕೇಳಿಸುತ್ತದೆ, ಅರ್ಥವೂ ಆಗುತ್ತದೆ. ಹೇಳಲು ಹೋದರೆ ಮಾತ್ರ ಅದೊಂದೇ ಹೊರಗೆ ಬರುತ್ತದೆ. ಇಷ್ಟು ವರ್ಷ ಕನ್ನಡ ಪಾಠ ಮಾಡಿದ ನಾನು ಈಗ ಒಂದು ಅವ್ಯಯದ ಜೊತೆ ಸಂಸಾರ ಮಾಡುತ್ತಿದ್ದೇನೆ.

ಕಾಲೇಜಿನಲ್ಲಿ ಹೊಸ ತಲೆನೋವು. 'ಕಿರುಚಿತ್ರ ರಸಗ್ರಹಣ' ಅಂತ ಒಂದು ಎಲೆಕ್ಟಿವ್. ಇಂಗ್ಲಿಷ್ ಡಿಪಾರ್ಟ್‌ಮೆಂಟಿನವರು ಕೈ ತೊಳೆದುಕೊಂಡರು, ಪ್ರಿನ್ಸಿಪಾಲರು ನನ್ನ ಕುತ್ತಿಗೆಗೆ ಕಟ್ಟಿದರು. ಕ್ಯಾಮೆರಾ, ಸೌಂಡು, ಎಡಿಟಿಂಗು — ಮೂರರ ಮೇಲೂ ನೋಟ್ಸ್ ಕೊಡಬೇಕಂತೆ. ಸಿನಿಮಾ ಎಂದರೆ ನನಗೆ ಇಂಟರ್‌ವಲ್ಲಿನ ಬೋಂಡಾ ಎಂದೆ. ಅವರು ನಗಲಿಲ್ಲ.

ಜನವರಿ 9, ಗುರುವಾರ. ಸ್ಟಾಫ್ ರೂಮ್

ಯೂಟ್ಯೂಬ್ ನೋಡಿ ನೋಡಿ ಕಣ್ಣುರಿ. ಲೋ ಆ್ಯಂಗಲ್ ಎಂದರೆ ಅಧಿಕಾರ, ಹೈ ಆ್ಯಂಗಲ್ ಎಂದರೆ ಅಸಹಾಯಕತೆ. ಎಲ್ಲರೂ ಇದನ್ನೇ ಒದರುತ್ತಾರೆ. ಹಾಗಾದರೆ ಹನ್ನೆರಡನೇ ಮಹಡಿಯಲ್ಲಿ ಬಾಡಿಗೆಗಿರುವವರೆಲ್ಲ ದಿನವಿಡೀ ಅಸಹಾಯಕರನ್ನೇ ನೋಡುತ್ತಿರಬೇಕು.

ಆಗ ನೆನಪಾಯಿತು. ಹಿಂದಿನ ಬೀದಿಯ ಮುನಿರಾಜು ಅವರ ಮಗ ದರ್ಶನ್ ಜುಲೈನಲ್ಲಿ ನಮ್ಮ ಮನೆಯಲ್ಲೇ ಒಂದು ಶಾರ್ಟ್ ಫಿಲ್ಮ್ ತೆಗೆದಿದ್ದ. 'ಸಿಲಿಂಡರ್ ಬರೋ ದಿನ'. ಇರುವುದು ಒಂದೇ ಪಾತ್ರ. ಅದನ್ನು ಮಾಡಿದವಳು ಜಲಜಾ. ಆ ಎರಡು ದಿನ ನಾನು ಪೇಪರ್ ವ್ಯಾಲ್ಯುಯೇಷನ್‌ಗೆ ಹೋಗಿದ್ದೆ, ಏನೂ ನೋಡಲಿಲ್ಲ. ಸಂಜೆ ಬಂದಾಗ ಮೇಕಪ್ ಒರೆಸಿಕೊಳ್ಳುತ್ತ ನಗುತ್ತಿದ್ದಳು, ಅಷ್ಟೇ. ಡಿಸೆಂಬರ್‌ನಲ್ಲಿ ದರ್ಶನ್ ಲಿಂಕ್ ಕಳಿಸಿದ್ದ. ತೆರೆಯಲು ಧೈರ್ಯವಾಗಿರಲಿಲ್ಲ.

ಇಂದು ಇಯರ್‌ಫೋನ್ ಹಾಕಿ ನೋಡಿದೆ. ಜಲಜಾ ಮಾತಾಡುತ್ತಾಳೆ. ಪೂರ್ತಿ ವಾಕ್ಯಗಳು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇವೆ. ಅಟೆಂಡರ್ ಬಂದು ಏನಾಯ್ತು ಸಾರ್ ಎಂದ. ನೆಗಡಿ ಎಂದೆ.

ಜನವರಿ 11, ಶನಿವಾರ

ಬಸವೇಶ್ವರನಗರ. ಸ್ಪೀಚ್ ಥೆರಪಿಸ್ಟ್ ಶೋಭಾರಾಣಿ ಮೇಡಂ. ಮೊದಲ ಆರು ತಿಂಗಳಲ್ಲಿ ಬಂದಷ್ಟು ಸುಲಭವಾಗಿ ಮಾತು ಆಮೇಲೆ ಬರುವುದಿಲ್ಲ ಎಂದರು. ಅವರು 'ಆಮೇಲೆ' ಎಂದಾಗ ಜಲಜಾ ತಲೆಯೆತ್ತಿ ನೋಡಿದಳು. ಜಲಜಾ ಅವರ ಹಳೆಯ ದನಿ ಎಲ್ಲಾದರೂ ರೆಕಾರ್ಡ್ ಆಗಿದ್ದರೆ ಕೇಳಿಸಿ, ಜೊತೆಗೆ ಹೇಳಿಸಲು ಪ್ರಯತ್ನಿಸಿ, ಕಳೆದುಕೊಳ್ಳುವುದೇನೂ ಇಲ್ಲ ಎಂದರು.

ಮಗಳು ಸುಮಾಳ ಮದುವೆಯ ವಿಡಿಯೋ ಇದೆ. ಮೂರು ಗಂಟೆಯದು. ಆ ಪುಣ್ಯಾತ್ಮ ಶುರುವಿನಿಂದ ಕೊನೆಯವರೆಗೆ ಹಾಡು ಹಾಕಿಬಿಟ್ಟಿದ್ದಾನೆ. ಧಾರೆಯಲ್ಲಿ ಜಲಜಾ ಬಾಯಿ ತೆರೆದರೆ ಶಹನಾಯಿ ಬರುತ್ತದೆ. ವಾಟ್ಸಾಪ್‌ನಲ್ಲಿ ಅವಳು ವಾಯ್ಸ್ ಕಳಿಸಿದವಳೇ ಅಲ್ಲ. ಮಿಸ್ಡ್ ಕಾಲ್ ಕೊಡುತ್ತಿದ್ದಳು, ನಾನೇ ಮಾಡಬೇಕಿತ್ತು.

ಹಾಗಾಗಿ ಸಿನಿಮಾ ಒಂದೇ ದಾರಿ. ಪ್ರಿನ್ಸಿಪಾಲರ ತಲೆನೋವು ನನಗೆ ಔಷಧಿಯಾಗಿ ಒದಗಿ ಬಂತು.

ಜನವರಿ 14, ಮಂಗಳವಾರ. ಸಂಕ್ರಾಂತಿ

ನೋಟ್ಸ್ ಸರಾಗವಾಗಿ ಬರುತ್ತಿದೆ. ಕಥೆ ಇಷ್ಟೇ: ರಾಜಾಜಿನಗರದಲ್ಲಿ ಗೆಳತಿಯ ಮಗಳ ಮದುವೆ. ಆದರೆ ಇವತ್ತು ಸಿಲಿಂಡರ್ ಬರುವ ದಿನ. ಸೀರೆ ಉಟ್ಟು ರೆಡಿಯಾದ ಹೆಂಗಸು ಕಾಯುತ್ತಲೇ ಇರುತ್ತಾಳೆ. ಮದುವೆ ಮುಗಿಯುತ್ತದೆ. ಸಿಲಿಂಡರೂ ಬರುವುದಿಲ್ಲ.

ಕ್ಯಾಮೆರಾ ಗೇಟ್ ದಾಟುವುದೇ ಇಲ್ಲ. ಹೊರಗಿನದೆಲ್ಲ ಬರೀ ಸದ್ದು — ತರಕಾರಿ ಗಾಡಿಯ ಮೈಕು, ಆಟೋ, ಯಾರದೋ ಕುಕ್ಕರ್ ಸೀಟಿ. ಲೋಕ ಕೇಳಿಸುತ್ತದೆ, ಕಾಣಿಸುವುದಿಲ್ಲ. ಚೆನ್ನಾಗಿದೆ. ಎಡಿಟಿಂಗೂ ಜಾಣತನದ್ದು. ಸೀರೆಯ ನೆರಿಗೆ ಹಿಡಿಯುವ ಕೈ, ಕಟ್, ಅದೇ ನೆರಿಗೆ ಬಿಚ್ಚುವ ಕೈ. ನಡುವೆ ಇಡೀ ದಿನ ಹೋಗಿದೆ.

ಅದಕ್ಕಿಂತ ಹೆಚ್ಚಿನದು ಇನ್ನೊಂದು. ಅವಳು ಮಾತಾಡುವಾಗಲೆಲ್ಲ ಕ್ಯಾಮೆರಾ ಅವಳ ಬೆನ್ನ ಹಿಂದೆ ಇದೆ. ಬೆನ್ನು, ಜಡೆ, ಕಿವಿಯ ಓಲೆ. ಮುಖ ಕಂಡಾಗ ಸುಮ್ಮನಿರುತ್ತಾಳೆ, ಮಾತಾಡಿದಾಗ ಮುಖ ಕಾಣುವುದಿಲ್ಲ. ನೋಟ್ಸಿನಲ್ಲಿ ಬರೆದೆ: 'ಮಾತಿನ ಹೊತ್ತಿನಲ್ಲಿ ಮುಖವನ್ನು ನಿರಾಕರಿಸುವ ಮೂಲಕ ನಿರ್ದೇಶಕ ಗೃಹಿಣಿಯ ಒಂಟಿತನವನ್ನು ದೃಶ್ಯಭಾಷೆಗೆ ತರುತ್ತಾನೆ.' ಬರೆದು ನನಗೇ ಖುಷಿಯಾಯಿತು. ಇಪ್ಪತ್ತಮೂರರ ಹುಡುಗನಿಗೆ ಇಷ್ಟು ಹೊಳೆದದ್ದು ದೊಡ್ಡದು.

ಭಾಷೆಯೂ ಅಷ್ಟೇ. 'ಬಂದ್ಬಿಡ್ತೀನಿ, ಒಂದ್ನಿಮಿಷ ಹೋಗಿ ಬರ್ತೀನಿ' ಎಂದು ಫೋನಿನಲ್ಲಿ ಸ್ವಚ್ಛವಾಗಿ ಹೇಳುತ್ತಾಳೆ. ಕೆಂಗೇರಿಯ ಕಡೆಯ ಇವಳು ಮನೆಯಲ್ಲಿ ಎಂದೂ 'ಬತ್ತೀನಿ' ಬಿಟ್ಟವಳಲ್ಲ. ಕ್ಯಾಮೆರಾ ಮುಂದೆ ತಿದ್ದಿಕೊಂಡಿದ್ದಾಳೆ. ಹೆಮ್ಮೆ ಅನಿಸಿತು.

ಎಳ್ಳು ಬೆಲ್ಲ ಬಾಯಿಗಿಟ್ಟೆ. ಆಮೇಲೆ, ಎಂದಳು.

ಜನವರಿ 19, ಭಾನುವಾರ. ಮಧ್ಯಾಹ್ನ

ಮೊದಲ ಸಲ ಅವಳಿಗೆ ತೋರಿಸಿದೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತೆ. ತನ್ನನ್ನು ತಾನು ಕಂಡಾಗ ಕಣ್ಣರಳಿಸಿದಳು. ನೀಲಿ ಸೀರೆ ನೋಡಿ ಬೆರಳು ತೋರಿಸಿದಳು. ಮಾತು ಶುರುವಾಯಿತು. ಅವಳ ಮುಖ ಗಟ್ಟಿಯಾಯಿತು. ನನ್ನನ್ನು ನೋಡಿದಳು. ಪರದೆ ನೋಡಿದಳು. ಮತ್ತೆ ನನ್ನನ್ನು.

ಇದು ನೀನೇ, ನೀನು ಹೇಳಿದ ಮಾತೇ, ಜೊತೆಗೆ ಹೇಳು ಎಂದೆ. 'ಆಮೇಲೆ' ಎಂದಳು, ಜೋರಾಗಿ. ಹಳೆಯದು ನೆನಪಾಗಿ ಸಂಕಟವಾಗಿರಬೇಕು. ಸುಮಾ ಬಂದಿದ್ದಳು. ಅಮ್ಮನನ್ನು ಹಾಗೆ ನೋಡಲಾರೆ ಎಂದು ಸದ್ದು ಕೇಳುವ ಮೊದಲೇ ಎದ್ದು ಟೆರೇಸಿಗೆ ಹೋಗಿಬಿಟ್ಟಳು.

ಜನವರಿ 27, ಸೋಮವಾರ

ದಿನಾ ಬೆಳಗ್ಗೆ, ಕಾಲೇಜಿಗೆ ಹೊರಡುವ ಮೊದಲು ಪಾಠ. ಒಂದೇ ವಾಕ್ಯ ತೆಗೆದುಕೊಂಡಿದ್ದೇನೆ: 'ಬಂದ್ರೆ ಮನೇಲಿ ಒಬ್ರಾದ್ರೂ ಇರ್ಬೇಕಲ್ಲ.' ಹಾಕುತ್ತೇನೆ, ನಿಲ್ಲಿಸುತ್ತೇನೆ, ಕಾಯುತ್ತೇನೆ. ಅವಳು ಕಿಟಕಿ ನೋಡುತ್ತಾಳೆ. ಇಂದು ಲ್ಯಾಪ್‌ಟಾಪಿನ ಮುಚ್ಚಳವನ್ನು ಎಡಗೈಯಿಂದ ಒತ್ತಿ ಮುಚ್ಚಿದಳು. ಹಠ. ಮೊದಲಿನಿಂದಲೂ ಹಠವೇ.

ಅವಳಿಲ್ಲದಾಗಲೂ ಕೇಳುತ್ತೇನೆ ಎಂದು ಇಲ್ಲಿ ಬರೆದುಕೊಳ್ಳಲು ನಾಚಿಕೆಯೇನಿಲ್ಲ. ವಿಜಯನಗರದಿಂದ ಮೆಟ್ರೋ ಹತ್ತಿದರೆ ಇಳಿಯುವವರೆಗೂ ಕಿವಿಯಲ್ಲಿ ಅದೇ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಎಲ್ಲಿ ದನಿ ಸಣ್ಣದಾಗುತ್ತದೆ, ಬಾಯಿಪಾಠ. ಐದು ತಿಂಗಳ ಮೇಲೆ ಅವಳ ಜೊತೆ ಮಾತಾಡಿದ ಹಾಗಿದೆ. ಈ ಮನೆಯಲ್ಲಿ ಇಷ್ಟು ಸಮಾಧಾನ ಆಗಸ್ಟ್‌ನಿಂದ ಈಚೆ ನನಗೆ ಸಿಕ್ಕಿರಲಿಲ್ಲ.

ಫೆಬ್ರವರಿ 5, ಬುಧವಾರ

ಈವತ್ತು ಬಲವಂತ ಮಾಡಿದೆ. ಗಲ್ಲ ಹಿಡಿದು ಪರದೆ ಕಡೆ ತಿರುಗಿಸಿದೆ. ನಿನ್ನದೇ ದನಿ ಕಣೇ, ಇಷ್ಟು ಚೆನ್ನಾಗಿ ಮಾತಾಡ್ತಿದ್ದೆ, ಸ್ವಲ್ಪ ಮನಸ್ಸು ಮಾಡು ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅಲ್ಲಾಡಿಸುತ್ತಲೇ ಇದ್ದಳು. ಆಮೇಲೆ, ಆಮೇಲೆ, ಆಮೇಲೆ. ಕಣ್ಣಲ್ಲಿ ನೀರು. ಅಮ್ಮಾವ್ರಿಗೆ ಸುಸ್ತಾಗಿದೆ ಬಿಡಿ ಸಾರ್ ಎಂದು ಹನುಮಕ್ಕ ಒಳಗೆ ಕರೆದುಕೊಂಡು ಹೋದಳು.

ಮನಸ್ಸು ಮಾಡುತ್ತಿಲ್ಲ ಎಂದು ಶೋಭಾರಾಣಿ ಮೇಡಂಗೆ ಮೆಸೇಜ್ ಹಾಕಿದೆ. ಒಂದು ವಾರ ಬಿಡಿ ಎಂದು ಉತ್ತರ ಬಂತು. ಬಿಟ್ಟೆ.

ಫೆಬ್ರವರಿ 15, ಶನಿವಾರ. ಸಂಜೆ

ಬರೆಯಲೋ ಬೇಡವೋ.

ದರ್ಶನ್‌ನನ್ನು ಇಂದು ಕ್ಲಾಸಿಗೆ ಕರೆಸಿದ್ದೆ. ಹುಡುಗರಿಗೆ ಸಿನಿಮಾ ತೋರಿಸಿ, ನನ್ನ ನೋಟ್ಸ್ ಓದಿಸಿ, ಪ್ರಶ್ನೆ ಕೇಳಿ ಎಂದೆ. ಚೇತನಾ ಎಂಬ ಹುಡುಗಿ ಎದ್ದಳು. ಮಾತಾಡುವಾಗಲೆಲ್ಲ ಯಾಕೆ ಬೆನ್ನು ತೋರಿಸಿದ್ದೀರಿ ಎಂದು ಕೇಳಿದಳು. ನಾನು ನಗುತ್ತ ನಿಂತಿದ್ದೆ, ಉತ್ತರ ನನಗೆ ಗೊತ್ತಿದ್ದವನ ಹಾಗೆ.

ದರ್ಶನ್ ತಲೆ ಕೆರೆದುಕೊಂಡ. "ಹೇಳ್ಬೇಕಂದ್ರೆ ಅದು ಡಬ್ಬಿಂಗ್ ಪ್ರಾಬ್ಲಮ್ಮು. ತುಟಿಗೆ ಮಾತು ಕೂರ್ತಿರ್ಲಿಲ್ಲ. ಅದಕ್ಕೇ ಎಲ್ಲೆಲ್ಲಿ ಡೈಲಾಗ್ ಇದ್ಯೋ ಅಲ್ಲೆಲ್ಲಾ ಬೆನ್ನಿನ ಶಾಟ್ ಹಾಕಿ ಮುಚ್ಚಿಬಿಟ್ವಿ."

ಹುಡುಗರು ನಕ್ಕರು. ನಾನೂ ನಕ್ಕೆ ಅನಿಸುತ್ತದೆ.

ಕಾರಿಡಾರಿನಲ್ಲಿ ಹಿಡಿದು ಕೇಳಿದೆ, ಜಲಜಾ ಯಾವಾಗ ಡಬ್ಬಿಂಗಿಗೆ ಬಂದಿದ್ದಳು ಎಂದು. ಅವನು ನನ್ನ ಮುಖ ನೋಡಿ ಗಾಬರಿಯಾದ. ಶೂಟಿಂಗಿನ ಎರಡೂ ದಿನ ನಮ್ಮ ಎದುರು ಸೈಟಿನಲ್ಲಿ ಮೋಲ್ಡಿಂಗ್ ನಡೆಯುತ್ತಿತ್ತಂತೆ. ಕಾಂಕ್ರೀಟ್ ಮಿಕ್ಸರಿನ ಸದ್ದಿಗೆ ಒಂದು ಮಾತೂ ಉಳಿಯಲಿಲ್ಲ. ಜಲಜಾಳನ್ನೇ ಕರೆಸಿ ಡಬ್ ಮಾಡಿಸೋಣ ಎಂದು ಕಾದಿದ್ದರು. ಅಷ್ಟರಲ್ಲಿ ಆಗಸ್ಟ್ ಬಂತು. ಕೊನೆಗೆ ಅವನ ಫ್ರೆಂಡ್ ಕವನಾ, ನಾಗರಬಾವಿಯ ಹುಡುಗಿ, ದನಿ ಸ್ವಲ್ಪ ದಪ್ಪ ಮಾಡಿಕೊಂಡು ಮಾತಾಡಿದಳು. ಆಂಟಿಗೆ ಅವಾರ್ಡ್ ಬಂದರೆ ಬರಲಿ ಎಂದು ಟೈಟಲ್ಲಿನಲ್ಲಿ ಕವನಾಳ ಹೆಸರು ಹಾಕಲಿಲ್ಲ.

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ ಸಾರ್," ಎಂದ. "ಕೇಳಿದ್ ತಕ್ಷಣ ಗೊತ್ತಾಗಿರುತ್ತಲ್ಲ."

ಫೆಬ್ರವರಿ 16, ಭಾನುವಾರ

ಅವಳಿಗೆ ಗೊತ್ತಿತ್ತು. ಮೊದಲ ದಿನವೇ. ಯಾರದೋ ದನಿ ತಂದು, ಇದು ನೀನೇ ಎಂದು ಗಲ್ಲ ಹಿಡಿದೆ. ಅಲ್ಲ ಎನ್ನಲು ಅವಳ ಹತ್ತಿರ ಇದ್ದದ್ದು ಒಂದೇ ಪದ. ಅದನ್ನೇ ಹೇಳಿದಳು, ಬೇಕಾದಷ್ಟು ಸಲ ಹೇಳಿದಳು.

'ಬರ್ತೀನಿ' ಎಂದಾಗಲೇ ನಾನು ಎದ್ದು ಕೂರಬೇಕಿತ್ತು. ಒತ್ತಕ್ಷರ ತಪ್ಪಿದರೆ ಮಾರ್ಕ್ಸ್ ಕಳೆಯುವ ನನ್ನ ಕಿವಿ ಹೆಮ್ಮೆಪಟ್ಟುಕೊಂಡು ಸುಮ್ಮನಾಯಿತು.

ಬೆಳಗ್ಗೆ ಅವಳ ಮುಂದೆ ನೆಲದ ಮೇಲೆ ಕೂತು ಹೇಳಿದೆ. ಅದು ನಿನ್ನ ದನಿಯಲ್ಲ, ನಿನ್ನೆ ಗೊತ್ತಾಯಿತು, ತಪ್ಪಾಯಿತು ಎಂದೆ. ಅವಳು ತುಂಬ ಹೊತ್ತು ನನ್ನನ್ನೇ ನೋಡಿದಳು. ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ವಾಸಿಯಿತ್ತು. ಆಮೇಲೆ ಎಂದಳು, ಮೆತ್ತಗೆ. ಎಡಗೈ ನನ್ನ ತಲೆಯ ಮೇಲಿಟ್ಟಳು. ಅತ್ತುಬಿಟ್ಟೆ.

ದರ್ಶನ್‌ಗೆ ಫೋನ್ ಮಾಡಿದೆ. ಶೂಟಿಂಗ್ ದಿನದ ಸೌಂಡು ಇದೆಯಾ, ಮಿಕ್ಸರ್ ಸದ್ದಿನ ಅಡಿಯಲ್ಲಿ ಇದ್ದರೂ ಸಾಕು ಎಂದೆ. ಹಾರ್ಡ್ ಡಿಸ್ಕ್ ಖಾಲಿ ಮಾಡಿ ಬೇರೆ ಪ್ರಾಜೆಕ್ಟಿಗೆ ಕೊಟ್ಟಾಗಿದೆಯಂತೆ. ಆದರೂ ಹುಡುಕುತ್ತೇನೆ ಸಾರ್ ಎಂದ.

ಮಾರ್ಚ್ 9, ಭಾನುವಾರ

ಮೂರು ವಾರ ಬರೆದಿಲ್ಲ. ಬರೆಯುವಂಥದ್ದು ಏನೂ ಆಗಿಲ್ಲ.

ಥೆರಪಿಗೆ ವಾರಕ್ಕೊಮ್ಮೆ ಸಾಕು ಎಂದರು ಶೋಭಾರಾಣಿ ಮೇಡಂ. ಹಾಗೆಂದರೆ ಏನೆಂದು ಅರ್ಥವಾಗದಷ್ಟು ದಡ್ಡನಲ್ಲ. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು, ಹಿಂದೆಂದೂ ಬಂದಿರಲಿಲ್ಲ.

ನೋಟ್ಸಿನಿಂದ ಆ ಪ್ಯಾರಾ ತೆಗೆದೆ. ಹುಡುಗರು ಆಗಲೇ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ. ಪರೀಕ್ಷೆಯಲ್ಲಿ ಎಲ್ಲರೂ ಅದನ್ನೇ ಬರೆಯುತ್ತಾರೆ. ನಿರಾಕರಿಸುವ ಮೂಲಕ, ಒಂಟಿತನ, ದೃಶ್ಯಭಾಷೆ. ನಾನೇ ಕೂತು ಮಾರ್ಕ್ಸ್ ಹಾಕಬೇಕು.

ಈಗ ದರ್ಶನ್ ಫೋನ್ ಮಾಡಿದ್ದ. ಕ್ಯಾಮೆರಾದ ಹಳೆಯ ಕಾರ್ಡೊಂದರಲ್ಲಿ ಒಂದು ತುಣುಕು ಸಿಕ್ಕಿದೆಯಂತೆ. ಕೆಲಸದವರು ಸಂಜೆ ಟೀಗೆ ಹೋಗಿ ಮಿಕ್ಸರ್ ನಿಂತಿದ್ದ ಹೊತ್ತು. ಕಟ್ ಎಂದ ಮೇಲೂ ಕ್ಯಾಮೆರಾ ಓಡುತ್ತಿತ್ತಂತೆ. "ಪಕ್ಕಾ ಆಂಟೀದೇ ಸಾರ್. ಈ ಸಲ ನಾನ್ ಚೆಕ್ ಮಾಡಿದೀನಿ." ಬುಧವಾರ ಊರಿಂದ ಬಂದು ಕಳಿಸುತ್ತಾನೆ.

ಜಲಜಾಗೆ ಹೇಳಿದೆ. ಇಬ್ಬರೂ ಒಟ್ಟಿಗೇ ಕೇಳೋಣ, ಮೊದಲು ನಾನು ಕೇಳುವುದಿಲ್ಲ ಎಂದೆ. ಬುಧವಾರಕ್ಕೆ ನೀಲಿ ಸೀರೆ ತೆಗೆದಿಡಲು ಹನುಮಕ್ಕನಿಗೆ ಸನ್ನೆ ಮಾಡಿದಳು.

ಮಾರ್ಚ್ 12, ಬುಧವಾರ. ಸಂಜೆ

ನಾಲ್ಕು ಗಂಟೆಗೆ ಬಂತು. ಅವಳು ನೀಲಿ ಸೀರೆಯಲ್ಲಿ ಕೂತಿದ್ದಳು. ಫೋನ್ ಇಬ್ಬರ ನಡುವೆ ಇಟ್ಟೆ. ಚಿತ್ರದಲ್ಲಿ ಏನೂ ಇಲ್ಲ, ಅಡುಗೆಮನೆಯ ನೆಲ, ಯಾರದೋ ಚಪ್ಪಲಿ. ಒಂದು ಹೆಣ್ಣುದನಿ:

"ಸಾಕೇನೋ? ಇನ್ನೊಂದ್ಸಲ ಬೇಕಂದ್ರೆ ಆಮೇಲೆ ಬತ್ತೀನಿ. ಅವ್ರು ಬರೋ ಹೊತ್ತಾಯ್ತು, ಅನ್ನಕ್ಕಿಡ್ಬೇಕು."

ಮುಗಿಯಿತು.

ಜಲಜಾ ಬೆನ್ನು ನೆಟ್ಟಗೆ ಮಾಡಿದಳು. ಎಡಗೈ ಗಂಟಲಿಗೆ ಹೋಯಿತು. ಮುಖದಲ್ಲಿ ಬೆಳಕು. ನನ್ನ ಕಡೆ ತಿರುಗಿ ಕಾದಳು.

ಯಾರದು ಇದು ಎಂದು ನನಗೆ ಅನಿಸಿತ್ತು. ಸ್ವಲ್ಪ ಒಡಕು, ಸ್ವಲ್ಪ ಮೂಗಿನ ದನಿ, ವಯಸ್ಸಾದವರದು. ನನ್ನ ತಲೆಯಲ್ಲಿ ಜಲಜಾಳದ್ದು ಎಂದು ಇರುವ ದನಿ ಇದಲ್ಲ. ಅಲ್ಲಿ ಕವನಾ ಕೂತಿದ್ದಾಳೆ. ಹಳೆಯದನ್ನೆಲ್ಲ ತಡಕಿದೆ. ಗೇಟಿನಿಂದ ಕೂಗಿ ಕರೆಯುತ್ತಿದ್ದದ್ದು, ಸುಮಾಳನ್ನು ಬೈಯುತ್ತಿದ್ದದ್ದು, ಎಲ್ಲವನ್ನೂ ಕವನಾಳೇ ಮಾತಾಡುತ್ತಿದ್ದಾಳೆ. ಸ್ವಚ್ಛವಾಗಿ. 'ಬತ್ತೀನಿ' ಬಂದದ್ದರಿಂದ ಇವಳೆಂದು ತಿಳಿಯಿತು. ವ್ಯಾಕರಣದಿಂದ ತಿಳಿಯಿತು, ದನಿಯಿಂದಲ್ಲ.

ನೀನೇ, ನೀನೇ ಎಂದೆ. ಜೋರಾಗಿ ತಲೆಯಾಡಿಸಿದೆ. ಬಹುಶಃ ಒಂದು ಗಳಿಗೆ ತಡವಾಯಿತು. ನಾನು ಸುಳ್ಳು ಹೇಳುವುದು ಅವಳಿಗೆ ಯಾವತ್ತೂ ಗೊತ್ತಾಗುತ್ತದೆ.

ಮುಖದ ಬೆಳಕು ಹೋಯಿತು. ಕೈ ಗಂಟಲಿನಿಂದ ಇಳಿಯಿತು. ಕುರ್ಚಿಯಲ್ಲೇ ಕಷ್ಟಪಟ್ಟು ಸರಿದು ಕಿಟಕಿಗೆ ಮುಖ ಮಾಡಿದಳು. ನನಗೆ ಕಾಣುತ್ತಿದ್ದದ್ದು ಬೆನ್ನು, ಜಡೆ, ಓಲೆ.

ಕಾಫಿ ಮಾಡಲಾ ಎಂದೆ. ಉತ್ತರವಿಲ್ಲ. ಲೈಟು ಹಾಕಲಾ ಎಂದೆ. ಇಲ್ಲ. ಹನುಮಕ್ಕ ಬಂದು ನೀರು ಬೇಕಾ ಎಂದು ಕೇಳಿದಳು. ಅದಕ್ಕೂ ಇಲ್ಲ. ಆ ಒಂದು ಪದವನ್ನೂ ಹೇಳುತ್ತಿಲ್ಲ. ಈಗ ಏಳು ಗಂಟೆ. ಊಟಕ್ಕೆ ಕೇಳುತ್ತೇನೆ. ಊಟಕ್ಕಾದರೂ ಹೇಳಬಹುದು. ಇಲ್ಲದಿದ್ದರೆ…