ಭಾಗಿಯ ಮೊಣಕಾಲು, ನನ್ನ ಕೈ

ಜೂನ್ 10, ಸೋಮವಾರ

ಬೆಳಿಗ್ಗೆ ಅರ್ಧ ಸೆರಗಿಗೆ ಕೊಂಡಿ ಹಾಕಿದೆ. ಸೀರೆಯ ಒಡಲಿಗೂ ಸೆರಗಿಗೂ ಎಳೆಗೆ ಎಳೆ ಕೂಡಿಸುವ ಕೆಲಸ. ಇದರಲ್ಲಿ ನನ್ನ ಕೈಗೆ ಇಡೀ ಇಳಕಲ್ಲಿನಲ್ಲಿ ಸಮ ಇಲ್ಲ.

ಆಮೇಲೆ ಬಾಗಲಕೋಟೆ ದವಾಖಾನೆ. ಅಕ್ಕ ತಾಯವ್ವನ ಮಗಳು ಭಾಗ್ಯಜ್ಯೋತಿ, ನಮ್ಮ ಭಾಗಿ, ಇಪ್ಪತ್ಮೂರು, ಕಾಲು ಇಳಿಬಿಟ್ಟು ತುಳಿಯುವ ಮಗ್ಗದ ಕುಣಿಯಿಂದ ಮೇಲೇಳುವಾಗ ಕಾಲು ತಿರುಚಿ ಬಿದ್ದು ಎಂಟು ದಿನ. ಡಾಕ್ಟರ್ ಫರಹಾನಾ ಎಂ.ಆರ್.ಐ. ನೋಡಿದರು.

"ಮೊಣಕಾಲಿನ ಒಳಗ ಮೆತ್ತನ್ನ ಎಲುಬಿನ ಚೂರು ಎದ್ದೈತಿ. ಆಪರೇಷನ್ ಮಾಡಿ ಲಗೂನ ಕೂಡಿಸಿದ್ರ ಕೂಡತೈತಿ. ತಡಾ ಆದ್ರ ತಗದು ಒಗೀಬೇಕು. ವಿಚಾರ ಮಾಡಿ ಹೇಳ್ರಿ."

ಇಷ್ಟು ಅವಸರ ಯಾಕೆ? ಆ ಫೋಟೋ ಭಾಗಿಯದೇ ಎಂದು ಏನು ಗುರುತು? ಹೆಸರು ಇದೆ... ಹೆಸರು ಯಾರು ಬೇಕಾದರೂ ಅಚ್ಚು ಹಾಕಬಹುದು.

ಜೂನ್ 11

ಅಕ್ಕ ಸಂತೆಗೆ ಹೋಗಿದ್ದಳು. ಎಳ್ಳೆಣ್ಣೆ ಹಚ್ಚಿ ಭಾಗಿಯ ಕಾಲು ಎಳೆದೆ. ಒಂದೇ ಸಲ. ಟಕ್ ಎಂದಿತು. ಆಕೆ ಚೀರಿದಳು.

"ಕುಂತತು ನೋಡಲೇ!" ಎಂದೆ.

ಜೂನ್ 17

ಬಾವು ಹೆಚ್ಚಾಗಿದೆ. ದವಾಖಾನೆಯ ಗುಳಿಗೆಯ ಮೇಲೆ ನನಗೆ ಸಂಶಯ.

ಫಿಲಂ ಕದ್ದು ಹುನಗುಂದಕ್ಕೆ ಹೋದೆ. ಹೆಸರಿನ ಮೇಲೆ ಸೀರೆಯ ಲೇಬಲ್ ಅಂಟಿಸಿದ್ದೆ. ಅಲ್ಲಿನ ಡಾಕ್ಟರಿಗೆ, "ನಂದ ಮೊಣಕಾಲ್ರಿ" ಎಂದೆ.

ಬೆಳಕಿಗೆ ಹಿಡಿದು ನಕ್ಕರು. "ಇದು ಐವತ್ತೆಂಟರ ಮೊಣಕಾಲಲ್ಲ ಬಿಡ್ರಿ. ಯಾರದು ಖರೆ ಹೇಳ್ರಿ."

ಹೇಳಿದೆ. ಅವರದೂ ಅದೇ ಮಾತು — ಬೇಗ ಕೂಡಿಸ್ರಿ. "ತಿಕ್ಕೂದು, ಎಳಿಯೂದು ಮಾತ್ರ ಬ್ಯಾಡ."

ಇಬ್ಬರೂ ಒಂದೇ ಕಾಲೇಜಿನವರು ಇರಬೇಕು. ಆದರೆ ಎಳೆಯುವ ಮಾತು ಇವರು ಯಾಕೆ ತೆಗೆದರು? ನಾನು ಎಳೆದದ್ದು ಎರಡೇ ಸಲ.

ಜೂನ್ 22

ಭಾಗಿ ಊಟಕ್ಕೆ ಕೂತಲ್ಲೇ ಹೇಳಿಬಿಟ್ಟಳು. "ಆಪರೇಷನ್ ಮಾಡಿಸ್ಕೋತೇನಿ."

"ಕಾಲು ಕೆಟ್ಟರ?" ಎಂದೆ.

"ಈಗೇನು ನೆಟ್ಟಗೈತೇನು? ಕುಣ್ಯಾಗ ಇಳ್ಯಾಕ ಆಗವಲ್ದು. ಮಗ್ಗ ತುಳೀದ ನಾ ಏನ್ ಮಾಡ್ಲಿ?"

ಅಕ್ಕ, "ಮಾಮಾನ್ನ ಒಂದ್ ಮಾತು ಕೇಳವಾ" ಎಂದಳು.

ಭಾಗಿ ನನ್ನನ್ನೇ ನೋಡಿದಳು. "ಕೊಂಡಿ ಹಾಕೂಮುಂದ ಎಳಿಬ್ಯಾಡ, ಹರೀತೈತಿ ಅಂತ ನನಗ ಕಲಿಸಿದಾಂವ ನೀನ ಅಲ್ಲನ ಮಾಮಾ?"

ರೊಟ್ಟಿ ಬಿಟ್ಟು ಎದ್ದೆ. ನಾನು ಕಾಲು ಎಳೆದದ್ದನ್ನು ಭಾಗಿ ತನ್ನ ಅವ್ವನಿಗೆ ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲ?

ಜೂನ್ 27, ಬೆಳಿಗ್ಗೆ 9, ಬಾಗಲಕೋಟೆ

ದವಾಖಾನೆಯ ಬೆಂಚಿನ ಮೇಲೆ. ಆಪರೇಷನ್ನಿನ ಕಾಗದಕ್ಕೆ ಭಾಗಿ ತಾನೇ ಸಹಿ ಹಾಕಿದಳು, ನನ್ನನ್ನು ಕೇಳಲಿಲ್ಲ.

ಡಾಕ್ಟರ್ ಕಾಲು ಮುಟ್ಟಿ ಹುಬ್ಬು ಗಂಟಿಕ್ಕಿದರು. "ಫೋಟೋ ತಗದ ಮ್ಯಾಲೆ ಬಾವು ಹೆಚ್ಚಾಗೈತಿ. ಮತ್ತ ಬಿದ್ದಿದ್ದೇನವಾ? ಯಾರರ ಎಳದಾರೇನು?"

"ಇಲ್ರಿ" ಎಂದಳು ಭಾಗಿ. ನೆಲ ನೋಡುತ್ತ.

ನನ್ನ ಮಾನ ಉಳಿಸಿದಳು. ಹೊರಗೆ ಬಂದು ಕೂತೆ.

ಆದರೆ ಅವರ ಕೈಯಲ್ಲಿರುವುದು ನಾನು ಎಳೆಯುವ ಮೊದಲಿನ ಫೋಟೋ. ಚೂರು ಅಲ್ಲೇ ಇದೆ ಎಂದುಕೊಂಡು ಕೊಯ್ಯುತ್ತಾರೆ. ಅದು ಅಲ್ಲಿ ಇಲ್ಲದಿದ್ದರೆ? ಡಾಕ್ಟರ್, ಗುಳಿಗೆ, ಫಿಲಂ — ಎಲ್ಲದರ ಮೇಲೂ ಸಂಶಯಪಟ್ಟೆ. ಈ ಎರಡು ಕೈ ಬಿಟ್ಟು.

ಬಾಗಿಲು ತೆರೆಯಿತು. ಡಾಕ್ಟರ್ ಈ ಕಡೆಯೇ ಬರುತ್ತಿದ್ದಾರೆ. ಹೇಳಿಬಿಡುತ್ತೇನೆ. ಆಕೆ ಮತ್ತೆ ಬಿದ್ದಿಲ್ಲ, ಎಳೆದವನು ನಾನು. ಎರಡು ಸಲ. ಅಲ್ಲ, ಮೂ